ಮೂರು ಸ್ಕ್ರೂ, ಮೂರು ರಬ್ಬರ್ ತುಂಡು

ನಮ್ಮ ಮನೆಯಲ್ಲೊಂದು ಹಿತ್ತಾಳೆಯ ಮೇಜುದೀಪವಿದೆ. ಎತ್ತರ ಒಂದು ಮೊಳದಷ್ಟು. ಕೆಳಗೆ ಎಣ್ಣೆ ತುಂಬುವ ಗುಂಡನೆಯ ಬುಡ, ಅದರ ಮೇಲೊಂದು ಹಿತ್ತಾಳೆಯ ಬಟ್ಟಲು, ಆ ಬಟ್ಟಲಿನಲ್ಲಿ ಕೂತ ಹಾಲುಬಿಳುಪಿನ ಗಾಜಿನ ಗ್ಲೋಬು. ಗ್ಲೋಬಿನ ಕುತ್ತಿಗೆ ಬಟ್ಟಲೊಳಗೆ ಇಳಿಯುತ್ತದೆ. ಬಟ್ಟಲಿನ ಸುತ್ತ ಮೂರು ಕಡೆ ಮೂರು ಪುಟ್ಟ ಸ್ಕ್ರೂಗಳಿವೆ. ಗಾಜನ್ನು ಹಿಡಿದು ನಿಲ್ಲಿಸಿರುವುದು ಆ ಸ್ಕ್ರೂಗಳೇ ಎಂದು ನಾನು ಬಹಳ ವರ್ಷ ನಂಬಿದ್ದೆ. ಕಳೆದ ಚಳಿಗಾಲದಲ್ಲಿ ಆ ನಂಬಿಕೆಯ ಜೊತೆ ಗಾಜೂ ಸೀಳಿತು.

ದೀಪ ನಮ್ಮದಾಗಿದ್ದು ಮುತ್ಯಾನ ಅಪ್ಪನ ಕಾಲದಲ್ಲಿ. ಅವರು ಹಳೆಯ ಬಾಗಲಕೋಟೆಯ ಹತ್ತಿ ಅಡತಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಸಾಹುಕಾರರ ಮನೆಗೆ ಕರೆಂಟು ಬಂದಾಗ ದೀಪ ಅವರಿಗೆ ಬೇಡವಾಯಿತು, ನಮಗೆ ಬೇಕಾಯಿತು. ಮುಂದೆ ನಮ್ಮ ಮನೆಗೂ ಕರೆಂಟು ಬಂದಾಗ ಮುತ್ಯಾ ಅದರ ಬರ್ನರು, ಒಳಗಿನ ಚಿಮಣಿ ಗಾಜು ಎರಡನ್ನೂ ತೆಗೆದು ಬಲ್ಬಿನ ಹೋಲ್ಡರು ಕೂರಿಸಿದ. ಬತ್ತಿ ಹೋಯಿತು, ಎಣ್ಣೆ ಹೋಯಿತು, ಗ್ಲೋಬು ಉಳಿಯಿತು. ಆಲಮಟ್ಟಿ ಆಣೆಕಟ್ಟಿನ ಹಿನ್ನೀರು ಏರಿ ಬಂದು ನಮ್ಮ ಓಣಿ ಮುಳುಗಡೆಯ ಪಟ್ಟಿಗೆ ಸೇರಿದಾಗ ಮನೆಯ ತೊಲೆ, ಬಾಗಿಲು, ಒರಳುಕಲ್ಲಿನ ಜೊತೆ ಈ ದೀಪವೂ ನವನಗರಕ್ಕೆ ಬಂತು. ನನಗಾಗ ನಾಲ್ಕೋ ಐದೋ ವರ್ಷ.

ನವನಗರದ ಮನೆಯಲ್ಲಿ ಕರೆಂಟು ಇದ್ದಷ್ಟೇ ಹೊತ್ತು ಇರುತ್ತಲೂ ಇರಲಿಲ್ಲ. ಹೀಗಾಗಿ ಸಂಜೆ ಕಂದೀಲು ಸಿದ್ಧವಾಗಿರಬೇಕಿತ್ತು. ಮೈಸೂರು ಕಡೆಯ ಗೆಳತಿಯರು ಲಾಟೀನು, ಲಾಂದ್ರ ಎನ್ನುವುದು ನಮಗೆ ಕಂದೀಲು. ಅವರ ಸೀಮೆಎಣ್ಣೆ ನಮಗೆ ಚಿಮಣಿ ಎಣ್ಣಿ. ಕಂದೀಲಿನ ಗಾಜು ಒರೆಸುವ ಕೆಲಸ ಮನೆಯ ಮಕ್ಕಳದು, ಏಕೆಂದರೆ ಅದರೊಳಗೆ ಹಿಡಿಯುವುದು ಮಕ್ಕಳ ಕೈ ಮಾತ್ರ. ಒಲೆಯ ಬೂದಿ ತೆಗೆದುಕೊಂಡು, ಹಳೆಯ ಧೋತರದ ತುಂಡಿನಿಂದ ಒಳಗಿನ ಮಸಿ ತೆಗೆಯಬೇಕು. ಗಾಜು ಬಿಸಿಯಿದ್ದಾಗ ನೀರು ಸೋಕಿಸಬಾರದು. ಒಮ್ಮೆ ತಲೆಸ್ನಾನ ಮಾಡಿ ಬಂದು, ಉರಿಯುತ್ತಿದ್ದ ಕಂದೀಲಿನ ಮೇಲೆ ಬಗ್ಗಿದ್ದೆ. ಕೂದಲಿನಿಂದ ಬಿದ್ದ ಒಂದೇ ಹನಿಗೆ ಗಾಜು ಚಟ್ಟೆಂದಿತ್ತು. ಅವ್ವನಿಂದ ಬಿದ್ದ ಏಟೂ ಹೆಚ್ಚುಕಡಿಮೆ ಅದೇ ಸದ್ದು ಮಾಡಿತ್ತು.

ಈಗ ಯೋಚಿಸಿದರೆ, ಕಂದೀಲಿನಲ್ಲಿ ಗಾಜನ್ನು ಬಿಗಿಯುವ ಒಂದು ಸ್ಕ್ರೂ ಕೂಡ ಇಲ್ಲ. ಗಾಜು ಕೆಳಗಿನ ತಗಡಿನ ತಟ್ಟೆಯ ಮೇಲೆ ಕೂತಿರುತ್ತದೆ. ಮೇಲಿನ ಟೋಪಿಯನ್ನು ಸ್ಪ್ರಿಂಗೊಂದು ಅದರ ಮೇಲೆ ಮೆಲ್ಲಗೆ ಒತ್ತಿ ಹಿಡಿದಿರುತ್ತದೆ. ಟೋಪಿಯ ಬಳೆ ಹಿಡಿದು ಎತ್ತಿದರೆ ಗಾಜು ಓರೆಯಾಗಿ ಹೊರಬರುತ್ತದೆ. ಮೇಜುದೀಪದ ಚಿಮಣಿ ಗಾಜೂ ಹಾಗೆಯೇ, ಅದನ್ನು ಹಿಡಿಯುವುದು ಬರ್ನರಿನ ಸುತ್ತಲಿನ ತೆಳು ಹಿತ್ತಾಳೆಯ ಎಸಳುಗಳು. ಒತ್ತಿದರೆ ಅವು ಬಾಗುತ್ತವೆ, ಬಿಟ್ಟರೆ ಮರಳುತ್ತವೆ. ಗಾಜಿನ ಜೊತೆ ಬಾಳುವವರು ಸ್ವಲ್ಪ ಬಾಗಬೇಕು ಎಂಬುದು ಇವನ್ನು ಮಾಡಿದವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಪಿಎಚ್.ಡಿ.ಗೆಂದು ಧಾರವಾಡಕ್ಕೆ ಬಂದೆ. ಮುಳುಗಡೆಯಾದ ಊರುಗಳ ಹೆಂಗಸರ ನೆನಪುಗಳು ನನ್ನ ವಿಷಯ. ಮೊದಲ ಸಂದರ್ಶನ ನಮ್ಮ ಆಯಿಯದೇ. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಆಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ನನ್ನ ಫೋನಿಗೆ 1 ಗಂಟೆ 40 ನಿಮಿಷ ಮಾತಾಡಿದಳು. ಅದಾದ ಮರುವರ್ಷ ಆಯಿ ತೀರಿಕೊಂಡಳು. ದಿನಗಳೆಲ್ಲ ಮುಗಿದು ನಾನು ಧಾರವಾಡಕ್ಕೆ ಹೊರಟಾಗ ಮುತ್ಯಾ ದೀಪವನ್ನು ನನ್ನ ಮುಂದಿಟ್ಟ. "ಓದಾಕಿ ನೀನು. ನಿನಗ ಇರ್ಲಿ ತಗೊ" ಅಂದ. ಅವನ ಕಣ್ಣು ಆಗಲೇ ಮಂಜಾಗಿತ್ತು.

ಬಾಡಿಗೆ ಕೋಣೆಗೆ ತಂದವಳೇ ಅದನ್ನು ಬಿಚ್ಚಿ, ಹುಣಸೆಹುಳಿ ಉಪ್ಪು ಹಚ್ಚಿ ತಿಕ್ಕಿದೆ. ಬಟ್ಟಲಿನ ಒಳಗೋಡೆಗೆ, ಸರಿಯಾಗಿ ಸ್ಕ್ರೂಗಳ ಬಾಯಿಯ ಹತ್ತಿರ, ಮೂರು ಕಡೆ ಕಪ್ಪಗೆ ಏನೋ ಅಂಟಿಕೊಂಡಿತ್ತು. ಹಳೆಯ ಜಿಡ್ಡು, ಮಸಿ ಇರಬೇಕು ಅಂದುಕೊಂಡು ಚಾಕುವಿನ ತುದಿಯಿಂದ ಕೆರೆದು, ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಹಿತ್ತಾಳೆ ಬಂಗಾರದಂತೆ ಹೊಳೆಯಿತು. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಆದರೆ ಗಾಜು ಮೊದಲಿನ ಹಾಗೆ ಕೂರಲಿಲ್ಲ. ಸ್ಕ್ರೂ ತಿರುಗಿಸಿದಷ್ಟೂ ಒಳಗೆ ಹೋಗುತ್ತಿದ್ದವು. ಬರೆಯುವಾಗ ಮೇಜು ಅಲುಗಿದರೆ ಗ್ಲೋಬು ಕಿಣಿಕಿಣಿ ಅನ್ನುತ್ತಿತ್ತು. ಹಳದಿ ಬೆಳಕಿನ ಆಸೆಗೆ ನಾನು ಎಲ್‌ಇಡಿ ಬಿಟ್ಟು ಹಳೆಯ 60 ವ್ಯಾಟಿನ ತಂತಿ ಬಲ್ಬು ಹಾಕಿದ್ದೆ. ಒಂದು ರಾತ್ರಿ ಅಧ್ಯಾಯವೊಂದನ್ನು ಕಳಿಸಲೇಬೇಕಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಆ ಕಿಣಿಕಿಣಿ ತಲೆಗೇರಿತು. ಇಕ್ಕಳ ತೆಗೆದುಕೊಂಡು ಮೂರೂ ಸ್ಕ್ರೂಗಳನ್ನು ಇನ್ನು ತಿರುಗದು ಅನ್ನುವ ತನಕ ಬಿಗಿದೆ. ಸದ್ದು ನಿಂತಿತು. ಬರೆದು ಮುಗಿಸಿ, ದೀಪ ಆರಿಸಿ ಮಲಗಿದೆ. ಇನ್ನೂ ನಿದ್ದೆ ಹತ್ತಿರಲಿಲ್ಲ, ಕತ್ತಲಲ್ಲಿ 'ಟಣ್' ಎಂದಿತು. ಯಾರೂ ಮುಟ್ಟಿರಲಿಲ್ಲ. ಟಾರ್ಚು ಹಾಕಿ ನೋಡಿದರೆ ಒಂದು ಸ್ಕ್ರೂವಿನ ಮೊನೆಯಿಂದ ಹೊರಟ ಗೆರೆ ಗ್ಲೋಬಿನ ಹೊಟ್ಟೆಯ ತನಕ ಏರಿತ್ತು.

ಉರಿಯುವಾಗ ಸುಮ್ಮನಿದ್ದ ಗಾಜು ಆರಿದ ಮೇಲೆ ಯಾಕೆ ಸೀಳಿತು? ಇದನ್ನು ತಿಳಿಯಲು ಆ ವಾರವಿಡೀ ನನ್ನ ವಿಷಯ ಬಿಟ್ಟು ಬೇರೆಯದನ್ನೇ ಓದಿದೆ. ಬಿಸಿಗೆ ಎಲ್ಲವೂ ಹಿಗ್ಗುತ್ತವೆ, ಆದರೆ ಸಮವಾಗಿ ಅಲ್ಲ. ಹಿತ್ತಾಳೆ ಸಾಮಾನ್ಯ ಗಾಜಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಟ್ಟಲು 10 ಸೆಂಟಿಮೀಟರು ಅಗಲವಿದ್ದು 50 ಡಿಗ್ರಿಯಷ್ಟು ಬಿಸಿ ಏರಿದರೆ ಎರಡರ ನಡುವೆ ಬರುವ ವ್ಯತ್ಯಾಸ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಕೂದಲೆಳೆಯಷ್ಟು ಎನ್ನುತ್ತೇವಲ್ಲ, ಅಕ್ಷರಶಃ ಅಷ್ಟೇ. ಬಟ್ಟಲು ಹಿಗ್ಗಿದಾಗ ಸ್ಕ್ರೂಗಳು ಗಾಜಿನಿಂದ ಅಷ್ಟು ದೂರ ಸರಿದಿರುತ್ತವೆ. ನಾನು ಬಿಗಿದದ್ದು ಆ ಹೊತ್ತಿನಲ್ಲಿ. ದೀಪ ಆರಿ ಹಿತ್ತಾಳೆ ತಣಿಯುತ್ತ ತನ್ನ ಅಳತೆಗೆ ಮರಳುವಾಗ, ಗಾಜಿಗೆ ಹಿಂದೆ ಸರಿಯಲು ಜಾಗವೇ ಇರಲಿಲ್ಲ. ಗಾಜು ಬಾಗುವ ವಸ್ತುವಲ್ಲ. ತಡೆಯುವಷ್ಟು ತಡೆದು, ಮೊನೆ ಒತ್ತಿದ ಕಡೆ ಸೀಳುತ್ತದೆ.

ಉರಿಯ ಸುತ್ತ ಗಾಜಿನ ಕೊಳವೆ ಇಟ್ಟು ಬೆಳಕು ಹೆಚ್ಚಿಸುವ ದೀಪವನ್ನು 1780ರ ಸುಮಾರಿಗೆ ಮಾಡಿದವನು ಜಿನೀವಾದ ಆರ್ಗಾಂಡ್. ಅಲ್ಲಿಂದ ಶುರುವಾಗಿ ಬಿಸಿ ಮತ್ತು ಗಾಜಿನ ಜಗಳ ನೂರಾರು ವರ್ಷ ನಡೆದಿದೆ. ರೈಲ್ವೆಯ ಸಿಗ್ನಲ್ ಕಂದೀಲುಗಳ ಕಾದ ಗಾಜಿಗೆ ಮಳೆ, ಹಿಮ ತಾಗಿ ಅವು ಒಡೆಯುತ್ತಿದ್ದವು. ಹಾಗೆ ಒಡೆಯದಂತೆ, ಬಿಸಿಗೆ ಕಡಿಮೆ ಹಿಗ್ಗುವ ಗಾಜನ್ನು ಅಮೆರಿಕದ ಕಾರ್ನಿಂಗ್ ಕಂಪನಿ ರೂಪಿಸಿತು. 1915ರಲ್ಲಿ ಅಡುಗೆಮನೆಗೆ ಬಂದ ಪೈರೆಕ್ಸ್ ಪಾತ್ರೆಗಳ ಮೂಲ ಅಲ್ಲಿದೆ. ಇವೆಲ್ಲ ತಿಳಿದು ಮನಸ್ಸಿಗೆ ಕೊಂಚ ಸಮಾಧಾನವಾಯಿತು. ಆದರೆ ಮುತ್ಯಾನ ಮುಂದೆ ಪೈರೆಕ್ಸಿನ ಕಥೆ ಹೇಳಲಾಗುವುದಿಲ್ಲವಲ್ಲ! "ದೀಪ ಹೆಂಗೈತಿ?" ಎಂದು ಅವನು ಫೋನಿನಲ್ಲಿ ಕೇಳಿದಾಗಲೆಲ್ಲ "ಛಲೋ ಐತಿ ಮುತ್ಯಾ" ಅನ್ನುತ್ತ ಎರಡು ತಿಂಗಳು ತಳ್ಳಿದೆ.

ಸಂಕ್ರಾಂತಿಗೆ ಊರಿಗೆ ಹೋಗುವಾಗ ದೀಪವನ್ನು ಕೌದಿಯಲ್ಲಿ ಸುತ್ತಿ ತೆಗೆದುಕೊಂಡು ಹೋದೆ. ಹಬ್ಬದ ಸಜ್ಜಿ ರೊಟ್ಟಿ, ಎಣಗಾಯಿ ಉಂಡು ಎಲ್ಲರೂ ಅಡ್ಡಾದ ಮೇಲೆ ಮುತ್ಯಾನ ಹತ್ತಿರ ಕೂತೆ.

"ಮುತ್ಯಾ, ಗಾಜ ಸೀಳೇತಿ. ನನ್ನ ಕೈಯಾಗನ."

ಅವನು ಏನೂ ಅನ್ನಲಿಲ್ಲ. ಗ್ಲೋಬನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಗೆರೆಯನ್ನು ಕೆಳಗಿನಿಂದ ಮೇಲಿನ ತನಕ ಸವರಿದ. ಆಮೇಲೆ ಬಟ್ಟಲಿನೊಳಗೆ ಬೆರಳು ತಿರುಗಿಸಿದ. ಒಂದು ಸುತ್ತು, ಎರಡು ಸುತ್ತು.

"ರಬ್ಬರ ಎಲ್ಲಿ?"

"ಯಾವ ರಬ್ಬರ?"

"ಮೂರು ತುಂಡ ಇದ್ದುವಲ್ಲ. ನಿಮ್ಮ ಆಯಿ ಹಾಕಿದ್ದು."

ನಾನು ಚಾಕುವಿನಿಂದ ಕೆರೆದು ಬಿಸಾಕಿದ್ದು ಮಸಿಯಲ್ಲ. ಸೈಕಲ್ ಟ್ಯೂಬಿನ ತುಂಡುಗಳು. ಬಲ್ಬಿನ ಬಿಸಿಗೆ ಇಪ್ಪತ್ತು ವರ್ಷ ಬೆಂದು ಕರಕಲಾಗಿದ್ದವು. ಮುತ್ಯಾ ಹೇಳಿದ: ಊರು ಬಿಡುವ ದಿನ ಸಾಮಾನುಗಳೆಲ್ಲ ಟ್ರ್ಯಾಕ್ಟರಿನಲ್ಲಿ ಹೋದವು, ಆದರೆ ಈ ಗ್ಲೋಬನ್ನು ಆಯಿ ಯಾರ ಕೈಗೂ ಕೊಡಲಿಲ್ಲ. ಕೌದಿಯಲ್ಲಿ ಸುತ್ತಿ, ಟ್ರಾಲಿಯ ಮೂಲೆಯಲ್ಲಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನವನಗರದಲ್ಲಿ ಜೋಡಿಸುವಾಗ ಗಾಜು ಅಲುಗಾಡಿತು. ಮುತ್ಯಾ ಸ್ಕ್ರೂ ಬಿಗಿಯಹೋದರೆ ಆಯಿ ಕೈ ಹಿಡಿದಳಂತೆ. ಅಪ್ಪನ ಸೈಕಲ್ಲಿನ ಹಳೆಯ ಟ್ಯೂಬು ಕತ್ತರಿಸಿ, ಮೂರು ಸ್ಕ್ರೂಗಳ ಮುಂದೆ ಮೂರು ತುಂಡು ಇಟ್ಟಳಂತೆ.

"ನಿನಗ ಹೇಳಿದ್ದಳಲ್ಲ ಇದನ್ನ. ನಿನ್ನ ಫೋನಿನಾಗ ಐತಿ. ಹಚ್ಚು, ಕೇಳೂಣು."

ಫೋನಿನಲ್ಲಿ ಇದ್ದದ್ದು 22 ನಿಮಿಷ. ಪರಿಹಾರ, ಸರ್ವೆ, ನಿವೇಶನ ಹಂಚಿಕೆ, ಹೊಸ ಊರಿನ ನೀರು. ಅಧ್ಯಾಯಕ್ಕೆ ಬೇಕಾದದ್ದು ಅಷ್ಟೇ. ಉಳಿದ ಮಾತೆಲ್ಲ ವಿಷಯಾಂತರ ಎಂದು ಕತ್ತರಿಸಿದ್ದೆ. ಫೋನು ತುಂಬಿತೆಂದು ಮೂಲ ಕಡತವನ್ನೂ ಅಳಿಸಿದ್ದೆ. ಕೈ ತಣ್ಣಗಾಗಿತ್ತು. ಆದರೂ ಹಚ್ಚಿದೆ. ಮೊದಲು ಕೇಳಿಸಿದ್ದು ನನ್ನದೇ ದನಿ: "ಅದ ಇರ್ಲಿ ಆಯಿ, ಪರಿಹಾರ ಎಷ್ಟ ಬಂತು?"

ಮುತ್ಯಾ ಕಿವಿಯನ್ನು ಫೋನಿನ ಹತ್ತಿರ ತಂದಿದ್ದ. "ಇದಕ್ಕಿಂತ ಮೊದಲಿಂದ ಹಚ್ಚು" ಅಂದ.

"ಮೊದಲಿಂದು ಇಲ್ಲ ಮುತ್ಯಾ."

'ಅದ ಇರ್ಲಿ' ಅಂದೆನಲ್ಲ, ಆ 'ಅದು' ಏನೆಂದು ನೆನಪಿಸಿಕೊಳ್ಳಲು ಅವತ್ತಿನಿಂದ ಪ್ರಯತ್ನಿಸುತ್ತಲೇ ಇದ್ದೇನೆ. ಆಯಿ ಗ್ಲೋಬಿನ ಮಾತು ತೆಗೆದದ್ದು ಆಗಲೇ ಇರಬಹುದು. ಬೇರೆ ಏನೋ ಇದ್ದಿರಲೂಬಹುದು. ಅವಳು ಮಾತಾಡುತ್ತಿದ್ದಾಗ ನನ್ನ ಕಣ್ಣು ಕಾಗದದ ಮೇಲಿನ ಮುಂದಿನ ಪ್ರಶ್ನೆಯ ಮೇಲಿತ್ತು.

ಮುತ್ಯಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಿತ್ತಲದಾಗ ಟ್ಯೂಬ್ ಇರಬೇಕು, ತಗೊಂಡ ಬಾ. ಕತ್ತರೀನೂ ತಾ" ಅಂದ.

ಅಪ್ಪನ ಬೈಕಿನ ಹಳೆಯ ಟ್ಯೂಬು ಸಿಕ್ಕಿತು. ಹೆಬ್ಬೆಟ್ಟಿನ ಉಗುರಿನಷ್ಟು ಮೂರು ತುಂಡು ಕತ್ತರಿಸಿದೆ. ಮುತ್ಯಾ ಹೇಳುತ್ತ ಹೋದ, ನಾನು ಮಾಡುತ್ತ ಹೋದೆ. ಸ್ಕ್ರೂಗಳನ್ನೆಲ್ಲ ಮೊದಲು ಹಿಂದೆ ತಿರುಗಿಸಬೇಕು. ಗಾಜನ್ನು ನೇರ ಇಳಿಸಿ, ತನ್ನ ಭಾರಕ್ಕೆ ತಾನೇ ಕೂರಲು ಬಿಡಬೇಕು. ಅದರ ಕುತ್ತಿಗೆಯ ಕೆಳಗೆ ಹೊರಚಾಚಿದ ಅಂಚಿದೆ. ಸ್ಕ್ರೂವಿನ ಮೊನೆ ಆ ಅಂಚಿನ ಮೇಲ್ಗಡೆ ಬರಬೇಕು, ನಡುವೆ ರಬ್ಬರು. ಒಂದನ್ನೇ ಪೂರ್ತಿ ಬಿಗಿಯಬಾರದು. ಮೂರನ್ನೂ ಸರದಿಯ ಮೇಲೆ, ಕಾಲು ಸುತ್ತು ಕಾಲು ಸುತ್ತು, ಬೆರಳಿನಿಂದಲೇ ತಿರುಗಿಸಬೇಕು. ಇಕ್ಕಳ ಹತ್ತಿರವೂ ಇರಬಾರದು. ರಬ್ಬರು ತಾಗಿತು ಅನ್ನಿಸಿದಾಗ ನಿಲ್ಲಿಸಿ ಒಂದಿಷ್ಟು ಹಿಂದೆ ಬರಬೇಕು. ಇಷ್ಟೂ ದೀಪ ತಣ್ಣಗಿದ್ದಾಗ.

"ಗಾಜ ಹಿಡಿಯೂದು ಇಸ್ಕ್ರೂ ಅಲ್ಲ ತಂಗಿ. ಗಾಜ ತಾನ ಕುಂತಿರತೈತಿ. ದೀಪ ಎತ್ತಿಕೊಂಡ ಹೋಗೂಮುಂದ ಅದು ಬೀಳಬಾರದು, ಇಸ್ಕ್ರೂ ಅಷ್ಟಕ್ಕ."

ಕೊನೆಗೆ ಅವನು ಗ್ಲೋಬಿನ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಿರುಗಿಸಿ ನೋಡಿದ. ಒಂದು ನೂಲಿನಷ್ಟು ತಿರುಗಿತು, ಸದ್ದಾಗಲಿಲ್ಲ. ಮೇಲೆತ್ತಿ ನೋಡಿದ. ಬರಲಿಲ್ಲ. "ಇಷ್ಟ ಆಡಬೇಕು" ಅಂದ.

ಹೊಸ ಗ್ಲೋಬು ತರುತ್ತೇನೆ, ಕುತ್ತಿಗೆಯ ಅಳತೆ ತೆಗೆದುಕೊಂಡಿದ್ದೇನೆ, ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಗಳಲ್ಲಿ ಹುಡುಕುತ್ತೇನೆ ಅಂದೆ. ಮುತ್ಯಾ ಬೇಡವೆಂದ. ಬಿಸಿಯಾಗದ ಬಲ್ಬು ಹಾಕಿ, ಸೀಳಿದ ಬದಿಯನ್ನು ಗೋಡೆಯ ಕಡೆ ತಿರುಗಿಸಿ ಇಡು ಅಂದ. ಹಾಗೇ ಇಟ್ಟಿದ್ದೇನೆ. ಗೆರೆ ಮತ್ತೆ ಬೆಳೆದಿಲ್ಲ.

ಈ ತಿಂಗಳು ಬೀಳಗಿ ತಾಲ್ಲೂಕಿನ ಒಬ್ಬ ಅಜ್ಜಿಯ ಜೊತೆ ಕೂತಿದ್ದೆ. ಅವರ ಊರೂ ನೀರಿನಲ್ಲಿದೆ. ಪರಿಹಾರದ ಪ್ರಶ್ನೆ ಕೇಳಿದರೆ ಅವರು ತಮ್ಮ ಎಮ್ಮೆಯ ಮಾತು ತೆಗೆದರು. ಹೊಸ ಊರಿಗೆ ಬಂದ ಮೇಲೆ ಅದು ಎರಡು ಸಲ ಹಳೆಯ ಕೊಟ್ಟಿಗೆಯ ಕಡೆಗೇ ನಡೆದು ಹೋಗಿತ್ತಂತೆ. ಮುಕ್ಕಾಲು ಗಂಟೆ ಎಮ್ಮೆಯ ಮಾತೇ ಆಯಿತು. ನಾನು ಪ್ರಶ್ನೆಗಳ ಕಾಗದವನ್ನು ಮಡಚಿ ಚೀಲದಲ್ಲಿಟ್ಟೆ. ರೆಕಾರ್ಡರು ಓಡುತ್ತಲೇ ಇತ್ತು.