ಕೊನೆಗೆ ಹೇರಿದ್ದು ಮೊದಲು ಇಳೀಬೇಕು

ನಮ್ಮ ಹಾಸ್ಟೆಲ್‌ನಲ್ಲಿ ವ್ಯಾನ್ ಲೈಫ್ ವಿಡಿಯೋ ನೋಡದವರು ಯಾರಿದ್ದೀರಿ, ಕೈ ಎತ್ತಿ. ನಾಳೆ ಇಂಟರ್ನಲ್ಸ್ ಇದ್ದರೂ ರಾತ್ರಿ ಹನ್ನೆರಡಕ್ಕೆ ಕೂತು, ಯಾರೋ ಹೊರದೇಶದವರು ಪುಟ್ಟ ವ್ಯಾನಿನೊಳಗೆ ಮಂಚ, ಅಡುಗೆಮನೆ, ಕಪಾಟು ಎಲ್ಲಾ ಹೊಂದಿಸಿಕೊಂಡು ಊರೂರು ತಿರುಗೋದನ್ನು ನೋಡ್ತೀವಿ. ನಾನೂ ನೋಡ್ತಿದ್ದೆ. ಅಂಥದೊಂದು ಗಾಡಿ ನಮ್ಮ ಮನೆ ಮುಂದೇನೇ ನಿಂತಿರುತ್ತದೆ ಅಂತ ಹೊಳೆದದ್ದು ಮಾತ್ರ ಕಳೆದ ಡಿಸೆಂಬರ್ ರಜೆಯಲ್ಲಿ.

ನಮ್ಮೂರು ಆಳಂದ ತಾಲ್ಲೂಕು. ಅಪ್ಪ-ಅವ್ವನದು ಜಾತ್ರೆಯಲ್ಲಿ ಮಿರ್ಚಿ ಭಜಿ ಹಾಕೋ ಕೆಲಸ. ಹುಣ್ಣಿಮೆಗೆ ಗಾಣಗಾಪುರ, ಅಮಾವಾಸ್ಯೆಗೆ ಘತ್ತರಗಿ, ಆಳಂದದಲ್ಲಿ ಲಾಡ್ಲೆ ಮಶಾಕ್ ಉರುಸು, ಆಮೇಲೆ ಜೇವರ್ಗಿ ಕಡೆಯ ಹಳ್ಳಿ ಜಾತ್ರೆಗಳು. ಗಾಡಿ ಟಾಟಾ ಏಸ್, ನಮ್ಮ ಕಡೆ ಎಲ್ಲರೂ ಕರೆಯೋ ಹಂಗ ಛೋಟಾ ಹಾಥಿ. ಹಿಂದಿನ ಡಬ್ಬಿ ಸುಮಾರು 7 ಅಡಿ ಉದ್ದ, 5 ಅಡಿಗೆ ಸ್ವಲ್ಪ ಕಮ್ಮಿ ಅಗಲ. ಹಗಲು ಅದು ಸಾಮಾನಿನ ಗಾಡಿ, ಜಾತ್ರೆಯಲ್ಲಿ ಉಗ್ರಾಣ, ರಾತ್ರಿ ಸಾಮಾನು ಇಳಿದ ಮೇಲೆ ಕೌದಿ ಹಾಸಿದರೆ ಮಲಗೋ ಕೋಣೆ.

ಅದರಲ್ಲಿ ಏನೇನು ಹಿಡೀಬೇಕು ನೋಡಿ: 19 ಕೆಜಿ ಗ್ಯಾಸಿನ ಸಿಲಿಂಡರ್ (ಖಾಲಿ ಸಿಲಿಂಡರಿನದೇ ಹೆಚ್ಚುಕಮ್ಮಿ ಅಷ್ಟು ತೂಕ), ಭಟ್ಟಿ, ಕಡಾಯಿ, 20 ಲೀಟರಿನ ಮೂರು ನೀರಿನ ಕ್ಯಾನು, ಕಡ್ಲಿ ಹಿಟ್ಟಿನ ಚೀಲ, 15 ಕೆಜಿ ಎಣ್ಣೆ ಡಬ್ಬಿ, ಉಳ್ಳಾಗಡ್ಡಿ, ಮೆಣಸಿನಕಾಯಿ, ತಾಡಪತ್ರಿ, ಬಿದಿರ ಗಳ, ಹಗ್ಗ, ಬಲ್ಬು, ವೈರು, ಹಾಸಿಗೆ. ಮತ್ತೆ ಒಂದು ಖಾಲಿ ಕಟ್ಟಿಗೆ ಪೆಟ್ಟಿಗೆ.

ಅಪ್ಪ ಹೇರೋದು ನೋಡಿ ನನಗೆ ಸಿಟ್ಟು ಬಂತು. ಎಲ್ಲಕ್ಕಿಂತ ಭಾರದ ಸಿಲಿಂಡರು ತೀರಾ ಹಿಂದೆ, ಬಾಗಿಲ ಪಕ್ಕ. ನೀರೂ ಅಲ್ಲೇ. ಹಿಂದಿನ ಗಾಲಿಗಿಂತ ಆಚೆ ಭಾರ ಬಿದ್ದರೆ ಮುಂದಿನ ಗಾಲಿ ಹಗುರಾಗ್ತದೆ, ಸ್ಟೇರಿಂಗ್ ಹಿಡಿತ ತಪ್ತದೆ. ಫಸ್ಟ್ ಇಯರ್‌ನಲ್ಲೇ ಮೊಮೆಂಟ್ ಓದಿದವರಿಗೆ ಇಷ್ಟು ಗೊತ್ತಾಗೋದಿಲ್ವಾ? ಅದರ ಮೇಲೆ ಆ ಖಾಲಿ ಪೆಟ್ಟಿಗೆ. ಜಾಗ ದಂಡ!

"ಅಪ್ಪಾ, ಈ ಸಲ ನಾ ಹೇರ್ತೀನಿ."

"ಆಯ್ತಪಾ ಇಂಜಿನಿಯರಾ, ಹೇರು."

ಎರಡು ದಿನ ಕೂತು ತೂತಿನ ಆಂಗಲ್‌ನಿಂದ ರ‍್ಯಾಕ್ ಮಾಡಿದೆ. ಭಾರದ್ದೆಲ್ಲ ಕ್ಯಾಬಿನ್ ಕಡೆ, ಕೆಳಗೆ. ಹಗುರದ್ದು ಮೇಲೆ. ತಾಡಪತ್ರಿ ಮಡಚಿದರೆ ಚಪ್ಪಟೆ ಆಗ್ತದೆ ಅಂತ ಅದನ್ನು ಎಲ್ಲದರ ಅಡಿಗೆ ಹಾಸಿದೆ. ಖಾಲಿ ಪೆಟ್ಟಿಗೆಗೆ ಉಳ್ಳಾಗಡ್ಡಿ ತುಂಬಿದೆ. ಡಬ್ಬಿಗಳಿಗೆ ಹೆಸರಿನ ಚೀಟಿ ಬೇರೆ. ಫೋಟೋ ತೆಗೆದು ಸ್ಟೇಟಸ್ ಹಾಕಿದೆ, ನಿಮ್ಮಲ್ಲಿ ಕೆಲವರು ಹಾರ್ಟ್ ಕೊಟ್ಟಿದ್ದೀರಿ.

ದತ್ತ ಜಯಂತಿಗೆ ಗಾಣಗಾಪುರಕ್ಕೆ ಹೊರಟೆವು. ದಾರಿಯಲ್ಲಿ ಅಪ್ಪ, "ಗಾಡಿ ಚಲೋ ಹೊಂಟದಲ್ಲೋ" ಅಂದರು. ನನ್ನ ಲೆಕ್ಕ ತಪ್ಪಿರಲಿಲ್ಲ.

ಮುಟ್ಟಿದಾಗ ಕತ್ತಲಾಗಿತ್ತು. ಮೊದಲು ಬೇಕಾದದ್ದು ಬಲ್ಬು, ಗಳ, ತಾಡಪತ್ರಿ. ತಾಡಪತ್ರಿ ಎಲ್ಲದರ ಅಡಿಯಲ್ಲಿ! ಸ್ಟ್ಯಾಕ್ ಅಂದ್ರೆ ಏನು, ಕೊನೆಗೆ ಹಾಕಿದ್ದೇ ಮೊದಲು ಹೊರಗೆ ಬರೋದು ಅಂತ ಪರೀಕ್ಷೆಯಲ್ಲಿ ಐದು ಮಾರ್ಕಿಗೆ ಬರೆದವನು ನಾನೇ. ಸುತ್ತಮುತ್ತಲಿನ ಅಂಗಡಿಗಳಲ್ಲಿ ಎಣ್ಣೆ ಕಾಯ್ತಿತ್ತು, ನಾವಿನ್ನೂ ಕತ್ತಲಲ್ಲಿ ಸಾಮಾನು ಇಳಿಸ್ತಿದ್ವಿ. ನಾನು ಜಾಗದವರ ಹತ್ರ ಮಾತಾಡಿ ಬರೋದ್ರೊಳಗೆ ಅಪ್ಪ ಮೇಲೆ ಹತ್ತಿ, ಸಿಲಿಂಡರನ್ನು ಕ್ಯಾಬಿನ್ ಕಡೆಯಿಂದ ಬಾಗಿಲವರೆಗೆ ಎಳೆದು ತಂದಿದ್ದರು. ಕೆಳಗಿಳಿಯೋಕೆ ಕಾಲು ಚಾಚಿದರು. ಪೆಟ್ಟಿಗೆ ಇರಲಿಲ್ಲ. ಅದು ಉಳ್ಳಾಗಡ್ಡಿ ತುಂಬಿಕೊಂಡು ಒಳಗೆ ಕೂತಿತ್ತು.

ಅಪ್ಪ ಬೀಳಲಿಲ್ಲ. ಹಂಗೇ ಅಂಚಿಗೆ ಕೂತುಬಿಟ್ಟರು, ನಡದ ಮೇಲೆ ಕೈ ಇಟ್ಟು. ಬಹಳ ಹೊತ್ತು ಮಾತಾಡಲಿಲ್ಲ.

ಅವ್ವ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಎರಡು ವರ್ಷಾತು ಅವರಿಗಿ ನಡ ಹಿಡದದ. ನಿನಗ ಹೇಳಬ್ಯಾಡ ಅಂದಾರ. ಓದೋ ಹುಡುಗಗ ಯಾಕ ಚಿಂತಿ ಅಂತ."

ಎರಡು ವರ್ಷ ಅಂದರೆ ನಾನು ಹಾಸ್ಟೆಲ್ ಸೇರಿದ ವರ್ಷದಿಂದ. ವಾರಕ್ಕೆರಡು ಸಲ ಫೋನ್ ಮಾಡ್ತೀನಿ. ಊಟ ಆಯ್ತಾ, ಮಳಿ ಬಂತಾ, ಫೀಸ್ ಕಟ್ಟಿದ್ಯಾ. ಇಷ್ಟೇ ನಮ್ಮ ಮಾತು.

ಅವತ್ತು ರಾತ್ರಿ ಅಪ್ಪ ಖಾಲಿ ಡಬ್ಬಿಯಲ್ಲಿ ಕೌದಿ ಮೇಲೆ ಮಲಗಿದ್ದರು, ನಾನು, ಅವ್ವ ಭಜಿ ಹಾಕಿದೆವು. ಆಗ ಒಂದೊಂದೇ ತಿಳೀತು. ಸಿಲಿಂಡರು ಬಾಗಿಲ ಪಕ್ಕ ಯಾಕಿತ್ತು ಅಂದರೆ, ನೆಲದ ಮೇಲೆ ನಿಂತೇ ಎಳೆದು, ಪೆಟ್ಟಿಗೆ ಮೇಲಿಟ್ಟು, ಅಲ್ಲಿಂದ ಕೆಳಗಿಳಿಸಬಹುದಿತ್ತು. ಆ ಪೆಟ್ಟಿಗೆ ಅವರ ಮೆಟ್ಟಿಲು. ಖಾಲಿ ಇದ್ದರೇನೇ ಒಂದೇ ಕೈಯಲ್ಲಿ ಎತ್ತಿ ಬೇಕಾದ ಕಡೆ ಇಡೋಕೆ ಬರ್ತದೆ.

ಎಳ್ಳ ಅಮಾಸಿ ಮುಗಿಸಿಕೊಂಡು ಜೇವರ್ಗಿ ಕಡೆ ಹೋಗೋದಿತ್ತು. ರ‍್ಯಾಕ್ ಬಿಚ್ಚಿ, ಈ ಸಲ ಅಪ್ಪನ ಜೊತೆ ಕೂತು ಹೊಂದಿಸಿದೆ. ಅಪ್ಪ ಬಗ್ಗದೆ ಕೈ ಎಲ್ಲಿಯವರೆಗೆ ಮುಟ್ಟುತ್ತದೆ ಅಂತ ಟೇಪ್ ಹಿಡಿದು ಅಳೆದೆ. ನಮ್ಮ ಗಾಡಿಯ ಎಡಗಡೆ ಫಳಿಯೂ ಕೊಂಡಿ ತೆಗೆದರೆ ಕೆಳಗಿಳೀತದೆ. ಸಿಲಿಂಡರನ್ನು ಆ ಫಳಿಗೆ ತಾಗಿಸಿ, ಹಿಂದಿನ ಗಾಲಿಗಿಂತ ಸ್ವಲ್ಪ ಮುಂದೆ, ನೆಟ್ಟಗೆ ನಿಲ್ಲಿಸಿ ಹಗ್ಗ ಬಿಗಿದೆವು. ನೀರಿನ ಕ್ಯಾನು ಅದರ ಪಕ್ಕ. ಈಗ ಭಾರವೂ ಇರಬೇಕಾದ ಕಡೆ ಇದೆ, ಯಾರೂ ಮೇಲೆ ಹತ್ತಬೇಕಿಲ್ಲ. ಹಿಟ್ಟು, ಎಣ್ಣೆ ಒಳಗೆ. ಬಲ್ಬು, ವೈರು, ಹಗ್ಗ ಒಂದೇ ಚೀಲದಲ್ಲಿ, ಬಾಗಿಲ ಹತ್ರ. ತಾಡಪತ್ರಿ ಎಲ್ಲದರ ಮೇಲೆ, ದಾರಿಯಲ್ಲಿ ಮಳೆ ಬಂದರೂ ಮುಚ್ಚೋಕೆ ಬರ್ತದೆ. ಕಟ್ಟಕಡೆಗೆ ಖಾಲಿ ಪೆಟ್ಟಿಗೆ. ಮಲಗುವಾಗ ಸಿಲಿಂಡರು ಗಾಡಿಯಿಂದ ದೂರ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಗ್ಗಿನಲ್ಲಿ ನಿಲ್ಲುತ್ತದೆ. ಅದನ್ನು ಮಾತ್ರ ನಾನು ಹೇಳಿಕೊಟ್ಟೆ.

ಕಟ್ಟಿಸಂಗಾವಿ ಹತ್ರ ಭೀಮಾ ಸೇತುವೆ ದಾಟುವಾಗ ಅಪ್ಪ ಒಮ್ಮೆ ಗಾಡಿ ಬದಿಗೆ ಹಾಕಿ, ಇಳಿದು, ನಾನು ಹಾಕಿದ ಗಂಟು ಬಿಚ್ಚಿ ಮತ್ತೆ ತಾವೇ ಕಟ್ಟಿದರು.

ರಜೆ ಮುಗಿಯೋ ಮುಂಚೆ ಕಲಬುರಗಿಗೆ ಕರ್ಕೊಂಡು ಹೋಗಿ ತೋರಿಸಿದೆ. ಭಾರ ಎತ್ತಬ್ಯಾಡ್ರಿ ಅಂದರು ಡಾಕ್ಟರು. ಅಪ್ಪ ಹೊರಗೆ ಬಂದು ನಕ್ಕು, "ಹಂಗಂದ್ರ ಯಾರು ಎತ್ತಬೇಕಂತ?" ಅಂದರು. 5 ಕೆಜಿಯ ಸಣ್ಣ ಸಿಲಿಂಡರ್ ತಗೊಳ್ಳೋಣ ಅಂದೆ. ದೊಡ್ಡ ಭಟ್ಟಿಗೆ ಬೇಕಾದಷ್ಟು ಬೇಗ ಅದರಲ್ಲಿ ಗ್ಯಾಸು ಆವಿಯಾಗೋದಿಲ್ಲ, ಉರಿ ಇಳೀತದೆ. ಹುಡುಗನನ್ನು ಕೂಲಿಗೆ ಇಟ್ಟರೆ ಅವನ ಕೂಲಿ ನನ್ನ ಫೀಸಿನಿಂದ ಹೋಗಬೇಕು. ಈ ಲೆಕ್ಕ ಇನ್ನೂ ಬಿಡಿಸಿಲ್ಲ. ಚಿಕ್ಕ ಗಾಲಿಯ, ಕೈಯಿಂದ ತಿರುಗಿಸೋ ಒಂದು ಎತ್ತುಯಂತ್ರ ಫಳಿಗೆ ಕೂರಿಸೋಕಾಗ್ತದಾ ಅಂತ ನೋಡ್ತಿದ್ದೀನಿ. ಮೆಕ್ಯಾನಿಕಲ್‌ನವರು ಯಾರಾದರೂ ಜೊತೆ ಬರ್ತೀರಾದರೆ ನಮ್ಮ ರೂಮಿಗೆ ಬನ್ನಿ. ಮಿನಿ ಪ್ರಾಜೆಕ್ಟಿಗೂ ಆಗ್ತದೆ. ಭಜಿ ಅವ್ವಂದು.