ಎರಡು ವೋಲ್ಟಿನ ತಕರಾರು

ತಂಬೂರಿ ಸರಿ, ಕೊಳಲೂ ಸರಿ. ಸಿಡಿ ಪ್ಲೇಯರಿನ ಹಾಡನ್ನು ಬೋರ್ಡೊಂದರ ಮೂಲಕ ಕಂಪ್ಯೂಟರಿಗೆ ಇಳಿಸುವಾಗ, ಮೃದಂಗದ ಜೋರು ಏಟು ಬಿದ್ದರೆ ಮಾತ್ರ ರೆಕಾರ್ಡಿಂಗ್ ‘ಚರ್’ ಎನ್ನುತ್ತದೆ. ಹಾಡು ಕೇಳುವವರಿಗೆ ಇದು ಕಿರಿಕಿರಿ. ಸೋಲ್ಡರಿಂಗ್ ಐರನ್ ಹಿಡಿದು ಭಾನುವಾರ ಕಳೆಯುವ ಹವ್ಯಾಸಿಗೆ ಹಬ್ಬ.

ಮೊದಲು ಕೇಬಲ್ಲಿನ ಮೇಲೆ ಅನುಮಾನ, ಆಮೇಲೆ ಕಂಪ್ಯೂಟರಿನ ಮೇಲೆ. ಎರಡೂ ನಿರಪರಾಧಿ. ಹಳೇ ಕ್ಯಾಸೆಟ್ ಡೆಕ್ ಜೋಡಿಸಿದರೆ ಅದೇ ಬೋರ್ಡು ಸದ್ದಿಲ್ಲದೆ ಒಳ್ಳೆಯ ಕೆಲಸ ಮಾಡುತ್ತದೆ. ಡೆಕ್ಕಿನ ಅಲೆ ಚಿಕ್ಕದು, ಸುಳಿವು ಸಿಗುವುದು ಇಲ್ಲೇ.

ಬೋರ್ಡಿನಲ್ಲಿರುವ, ಹವ್ಯಾಸಿಗಳು ಇಷ್ಟಪಡುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಪಿಸಿಎಂ1808 ಚಿಪ್ ಎಡ, ಬಲ ಎರಡೂ ಧ್ವನಿಗಳನ್ನು 24 ಬಿಟ್ ಅಂಕಿಗಳಾಗಿಸುತ್ತದೆ. 5 ವೋಲ್ಟಿನಲ್ಲಿ ನಡೆಯುವಾಗ ಅದು ಒಳಗೆ ಬಿಟ್ಟುಕೊಳ್ಳುವ ಅಲೆಯ ಎತ್ತರ ತಳದಿಂದ ತುದಿಗೆ 3 ವೋಲ್ಟ್. ಸಿಡಿ ಪ್ಲೇಯರ್‌ಗಳ ರೂಢಿಯ ಗರಿಷ್ಠ ಮಟ್ಟವೋ 2 ವೋಲ್ಟ್ ಆರ್‌ಎಂಎಸ್, ಅಂದರೆ ತಳದಿಂದ ತುದಿಗೆ ಸುಮಾರು 5.7. ಜಾಕ್‌ನಿಂದ ಹೊರಟ ದಾರಿ ಒಂದು ಕೆಪಾಸಿಟರ್ ದಾಟಿ ನೇರ ಚಿಪ್ಪಿಗೇ ಹೋದರೆ ಅಲೆಯ ನೆತ್ತಿ ಚಪ್ಪಟೆಯಾಗದೆ ಇನ್ನೇನು? ಕಂಪ್ಯೂಟರಿನಲ್ಲಿ ವಾಲ್ಯೂಮ್ ಇಳಿಸಿ ಪ್ರಯೋಜನವಿಲ್ಲ. ಕತ್ತರಿಸಿದ್ದು ಅಂಕಿಯಾಗುವ ಮೊದಲೇ ಕತ್ತರಿಸಿಹೋಗಿದೆ.

ಕೆಟ್ಟ ಬಿಡಿಭಾಗ ಒಂದೂ ಇಲ್ಲ, ತಪ್ಪಿರುವುದು ನಕ್ಷೆ. ಈ ಹವ್ಯಾಸದ ನಿಜವಾದ ರುಚಿ ಇಂಥ ತಪ್ಪಿನಲ್ಲಿದೆ. ದೊಡ್ಡವರ ನಕ್ಷೆಗಳೂ ಇದಕ್ಕೆ ಹೊರತಲ್ಲ: ಮೈಕ್ ಕೇಬಲ್ಲಿನ ಒಂದನೇ ಪಿನ್ನನ್ನು ಲೋಹದ ಪೆಟ್ಟಿಗೆಗೆ ಬೆಸೆಯದೆ ಒಳಗಿನ ಸರ್ಕ್ಯೂಟಿನ ಗ್ರೌಂಡಿಗೆ ಬೆಸೆದು ಗುಂಯ್‌ಗುಡಿಸಿದ ವೃತ್ತಿಪರ ಉಪಕರಣಗಳ ಬಗ್ಗೆ ಆಡಿಯೊ ಎಂಜಿನಿಯರ್ ನೀಲ್ ಮನ್ಸಿ 1995ರಲ್ಲೇ ಬರೆದಿದ್ದರು.

ಪರಿಹಾರಕ್ಕೆ ಚಾನೆಲ್‌ಗೆ ಎರಡರಂತೆ ನಾಲ್ಕು ರೆಸಿಸ್ಟರ್ ಸಾಕು, ಎಲ್ಲವೂ 10 ಕಿಲೋಓಮ್. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಬರೀ ನಾಲ್ಕು ಕೇಳಿದರೆ ಅಂಗಡಿಯವನು ಮುಖ ನೋಡುತ್ತಾನೆ, ಕಟ್ಟನ್ನೇ ಕೊಳ್ಳಬೇಕು. ಬ್ಲೇಡಿನಿಂದ ತಾಮ್ರದ ಗೆರೆ ಕತ್ತರಿಸಿ, ಆ ಜಾಗಕ್ಕೆ ಒಂದನ್ನು ಕೂರಿಸಿ, ಇನ್ನೊಂದನ್ನು ಗ್ರೌಂಡಿಗೆ ಇಳಿಸಬೇಕು. ಚಿಪ್ಪಿನ ಸ್ವಂತ 60 ಕಿಲೋಓಮ್ ಲೆಕ್ಕಕ್ಕೆ ಹಿಡಿದರೆ 2 ವೋಲ್ಟ್ ಈಗ 0.92ಕ್ಕೆ ಇಳಿಯುತ್ತದೆ, ಆರಾಮಾಗಿ ಒಳಗೆ ಹಿಡಿಸುತ್ತದೆ.

ಆದರೆ ಎಲ್ಲಿ ಕೂರಿಸುವುದು? ಅವಸರದವರು ಎಡವುವುದು ಇಲ್ಲಿ. ಚಿಪ್ಪು ತನ್ನ ಇನ್‌ಪುಟ್ ಕಾಲನ್ನು 2.5 ವೋಲ್ಟಿನಲ್ಲಿ ನಿಲ್ಲಿಸಿಕೊಂಡು, ಅದರ ಮೇಲೆ ಕೆಳಗೆ ಅಲೆಯನ್ನು ಆಡಿಸುತ್ತದೆ. ಕೆಪಾಸಿಟರ್ ದಾಟಿದ ಮೇಲೆ ಗ್ರೌಂಡಿಗೆ ರೆಸಿಸ್ಟರ್ ಇಳಿಸಿದಿರೋ, ಆ 2.5 ಅರ್ಧ ವೋಲ್ಟಿಗಿಂತ ಕೆಳಗೆ ಕುಸಿದು ರಿಪೇರಿಯೇ ಹೊಸ ರೋಗವಾಗುತ್ತದೆ. ಜಾಕ್‌ಗೂ ಕೆಪಾಸಿಟರಿಗೂ ನಡುವಿನ ಜಾಗವೇ ಸರಿ. ಶೇಕಡಾ 1ರ ರೆಸಿಸ್ಟರ್ ಹಾಕಿದರೆ ಎಡಬಲದ ವ್ಯತ್ಯಾಸ ಕಾಲು ಡೆಸಿಬೆಲ್ಲಿಗೂ ಕಡಿಮೆ. ಆದರೂ ಮಲ್ಟಿಮೀಟರ್ ಹಿಡಿದು ಕಟ್ಟಿನಿಂದ ಜೋಡಿ ಹುಡುಕುವವರಿದ್ದಾರೆ. ಕಿವಿಗೆ ಅದು ಬೇಕಿಲ್ಲ, ಖುಷಿಗೆ ಬೇಕು.

ಈಗ ಆಸಿಲೊಸ್ಕೋಪಿನಲ್ಲಿ ಅಲೆ ಗುಂಡಗೆ ಏರಿ ಗುಂಡಗೆ ಇಳಿಯುತ್ತದೆ. ಮೃದಂಗ ಮೃದಂಗದಂತೆಯೇ ಕೇಳುತ್ತದೆ. ಕ್ಯಾಸೆಟ್ ಡೆಕ್ಕಿನ ಯಕ್ಷಗಾನ ಮಾತ್ರ ಸುಮಾರು 7 ಡೆಸಿಬೆಲ್ ಕೆಳಗಿಳಿದು ಪಿಸುಗುಟ್ಟತೊಡಗಿದೆ. ಸಾಲಿನ ರೆಸಿಸ್ಟರುಗಳನ್ನು ಬೇಕಾದಾಗ ದಾಟಿಸಿ ಬಿಡಲು ಎರಡೂ ಚಾನೆಲ್ಲಿಗೆ ಸೇರಿ ಒಂದು ಡಿಪಿಡಿಟಿ ಸ್ವಿಚ್ (ಎರಡು ದಾರಿಗಳನ್ನು ಒಟ್ಟಿಗೇ ಬದಲಿಸುವಂಥದ್ದು) ಬೇಕು. ಅದಕ್ಕೆ ಪೆಟ್ಟಿಗೆಯಲ್ಲಿ ತೂತು ಕೊರೆಯಬೇಕು. ಮುಂದಿನ ಭಾನುವಾರವೂ ಗೊತ್ತಾಯಿತು.