ತಿರುವಿನ ಸದ್ದು

ನಮ್ಮವರಿಗೆ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕೆಂದರೆ ಪ್ರಾಣ. ಕಿಕ್ಕಿಗೂ ಗೇರಿಗೂ ಒಂದೇ ಲಿವರು, ಎರಡು ಸೈಲೆನ್ಸರು. ಬೀದಿಯ ತಿರುವಿನಲ್ಲಿ ಅದರ ಸದ್ದು ಕೇಳಿದೊಡನೆ ನಾನು ಸಾರು ಬಿಸಿಗೆ ಇಡುತ್ತಿದ್ದೆ. ಪೆಟ್ರೋಲಿನೊಂದಿಗೆ ಆಯಿಲ್ ಸುಟ್ಟ ಹೊಗೆಗೆ ಒಣಹಾಕಿದ ಸೀರೆಗಳು ನಾರುತ್ತವೆಂದು ಬಯ್ದದ್ದೂ ಉಂಟು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಅವರು ಹೋಗಿ ಈಗ ಏಳು ವರ್ಷ.

ಮಗನದು ಎಲೆಕ್ಟ್ರಿಕ್ ಸ್ಕೂಟರು. ಬಂದದ್ದೇ ತಿಳಿಯದು, ಬೆನ್ನ ಹಿಂದೆ "ಅಮ್ಮಾ" ಎಂದಾಗ ಬೆಚ್ಚುತ್ತೇನೆ. ವೇಗದ ಕಾರುಗಳಿಗೂ ಇದೇ ಕಾಲ ಬಂದಿದೆಯಂತೆ. 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್ ಎಂಬ ಎಲೆಕ್ಟ್ರಿಕ್ ಕಾರಿನಲ್ಲಿ ಎಂಜಿನ್ನೂ ಇಲ್ಲ, ಬದಲಿಸಲು ಗೇರುಗಳೂ ಇಲ್ಲ. ಆದರೂ ಸ್ಪೀಕರಿನಿಂದ ಎಂಜಿನ್ ಸದ್ದು, ಗೇರು ಬದಲಿಸಿದಂತೆ ಒಂದು ಜಗ್ಗು! ಕೇಳಿ ನಕ್ಕೆ. ಆಮೇಲೆ ಅನ್ನಿಸಿತು, ಆ ಸದ್ದು ಬಯಸುವವರೂ ನನ್ನ ಹಾಗೆ ಏನನ್ನೋ ಕಳೆದುಕೊಂಡವರಿರಬೇಕು.

"ಯೆಜ್ಡಿ ಗುಜರಿಗೆ ಕೊಡೋಣವೇನಮ್ಮ?" ಎಂದ ಮಗ. "ಒಂದು ಸಲ ಸ್ಟಾರ್ಟ್ ಮಾಡಿಸು" ಎಂದೆ. ಮೆಕ್ಯಾನಿಕ್ ಅರ್ಧ ದಿನ ತಿಣುಕಿದ ಮೇಲೆ ಅದು ಗುಡುಗಿತು. ನನ್ನ ಕಣ್ಣು ತುಂಬಿತು. ಹೊಗೆಗೆ ಮೊಮ್ಮಗಳು ಕೆಮ್ಮಿದಳು. "ಆರಿಸಪ್ಪ" ಎಂದೆ. ಆ ಹೊಗೆ ಅವಳ ಎದೆಗೆ ಬೇಡ.

ಗುಜರಿಗೆ ಕೊಡಲಿಲ್ಲ, ಮೂಲೆಯಲ್ಲಿದೆ. ಮಗ ಮಾತ್ರ ಈಗ ತಿರುವಿನಲ್ಲೇ ಎರಡು ಸಲ ಹಾರ್ನ್ ಒತ್ತುತ್ತಾನೆ. ನಾನು ಸಾರು ಬಿಸಿಗೆ ಇಡುತ್ತೇನೆ.